ಹಳೆಯ ಪ್ಲೇನರ್: ಮೇಜಿನ ಬೋಲ್ಟ್ ಸುತ್ತುತ್ತಲೇ ಇದೆ, ಬಿಗಿಯಾಗುತ್ತಿಲ್ಲ

ಪ್ರಶ್ನೆ:
ಶಿರಸಿಯ ಹತ್ತಿರ ನಮ್ಮ ಮರಗೆಲಸದ ಶೆಡ್ಡಿನಲ್ಲಿ ತಂದೆಯವರ ಕಾಲದ ಇಂಗ್ಲೆಂಡ್ ತಯಾರಿಕೆಯ ಪ್ಲೇನರ್ (ಹಲಗೆ ಹೆರೆದು ಸಮಮಾಡುವ ಯಂತ್ರ) ಇದೆ. ಹಲಸಿನ ಹಲಗೆ ಹಾಯಿಸಿದರೆ ಪ್ರತಿ ಸಲವೂ ಕೊನೆಯ ಗೇಣುದ್ದದಲ್ಲಿ ತಗ್ಗು ಬೀಳುತ್ತದೆ. ಹಲಗೆ ಹೊರಬರುವ ಹಿಂದಿನ ಮೇಜನ್ನು ಹಿಡಿಯುವ ಬೋಲ್ಟಿನ ಥ್ರೆಡ್ (ಸುತ್ತಿನ ಹಲ್ಲು) ಸವೆದಿದೆ. ಹೊಸ 10 ಎಂಎಂ ಬೋಲ್ಟ್ ತಂದು ಹಾಕಿದೆ, ನಾಲ್ಕು ಸುತ್ತು ತಿರುಗಿ ಸಿಕ್ಕಿಕೊಂಡಿತು. ಸ್ಪ್ಯಾನರಿನಿಂದ ಒತ್ತಿದಾಗ ರಂಧ್ರದಿಂದ ಕಪ್ಪು ಪುಡಿ ಉದುರಿತು. ಈಗ ಯಾವ ಬೋಲ್ಟೂ ನಿಲ್ಲುತ್ತಿಲ್ಲ. ವೆಲ್ಡಿಂಗ್ ಮಾಡಿ ತುಂಬಿಸಿ ಮತ್ತೆ ಕೊರೆಯಬಹುದೇ? ಬ್ಲೇಡು ಹಿಡಿಯುವ ಬೋಲ್ಟುಗಳಲ್ಲೂ ಒಂದು ಸಡಿಲವಾಗಿದೆ.

ಉತ್ತರ:
ನಿಮ್ಮ ಕೊನೆಯ ವಾಕ್ಯ ಓದಿ ಗಾಬರಿಯಾಯಿತು. ದಯವಿಟ್ಟು ಯಂತ್ರದ ವಿದ್ಯುತ್ ಸಂಪರ್ಕ ತೆಗೆದಿಡಿ. ಬ್ಲೇಡು ಕೂರುವ ಕಟರ್ ಬ್ಲಾಕ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅಲ್ಲಿ ಬೋಲ್ಟ್ ಬಿಟ್ಟರೆ ಬ್ಲೇಡು ಹಾರಿ ಬರುತ್ತದೆ. ಬೋಲ್ಟ್ ಮಾತ್ರ ಸವೆದಿದ್ದರೆ ಅದೇ ಅಳತೆಯ, ಅದೇ ದರ್ಜೆಯ ಹೈ ಟೆನ್ಸೈಲ್ (ಹೆಚ್ಚು ಎಳೆತ ತಡೆಯುವ) ಬೋಲ್ಟುಗಳ ಪೂರ್ತಿ ಸೆಟ್ ಹಾಕಿ. ಬ್ಲಾಕಿನೊಳಗಿನ ಥ್ರೆಡ್ಡೇ ಹೋಗಿದ್ದರೆ ಬ್ಲಾಕನ್ನೇ ಬದಲಿಸಬೇಕು. ಅಲ್ಲಿ ಅಂಟು, ರಂಧ್ರದೊಳಗೆ ಕೂರಿಸುವ ತಂತಿ ಸುರುಳಿ, ದೊಡ್ಡ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ) ಯಾವುದೂ ಬೇಡ.

ಮೇಜಿನ ಬೋಲ್ಟ್ ಬೇರೆ ಮಾತು, ಅದನ್ನು ಉಳಿಸಬಹುದು. ಆದರೆ ವೆಲ್ಡಿಂಗ್ ಬೇಡ: ಆ ರಂಧ್ರ ಇರುವುದು ಬೀಡು ಕಬ್ಬಿಣದಲ್ಲಿ, ಅದು ಒಂದೇ ಕಡೆ ಕಾದು ಆರಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಗಟ್ಟಿಯಾದ ಆ ಜಾಗಕ್ಕೆ ಡ್ರಿಲ್ಲೂ ಇಳಿಯುವುದಿಲ್ಲ.

ಹಳೆಯ ಬೋಲ್ಟನ್ನೂ ಹೊಸದನ್ನೂ ಹಲ್ಲಿಗೆ ಹಲ್ಲು ಕೂರುವಂತೆ ಒತ್ತಿ ಬೆಳಕಿಗೆ ಹಿಡಿಯಿರಿ. ಮೊದಲ ಮೂರು ನಾಲ್ಕು ಹಲ್ಲು ಕೂರುತ್ತವೆ, ಆಮೇಲೆ ಸಂದಿನಲ್ಲಿ ಬೆಳಕು ಕಾಣುತ್ತದೆ. ಹಳೆಯದು ಬಹುಶಃ 3/8 ಇಂಚಿನ ವಿಟ್‌ವರ್ತ್. 1841ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಮುಂದಿಟ್ಟ ಅಳತೆ ಅದು: ಹಲ್ಲಿನ ಕೋನ 55 ಡಿಗ್ರಿ, ಈ ಗಾತ್ರಕ್ಕೆ ಇಂಚಿಗೆ 16 ಹಲ್ಲು. ದಪ್ಪ 9.5 ಎಂಎಂ ಇರುವುದರಿಂದ ಕಣ್ಣಿಗೆ 10ರಂತೆಯೇ ಕಾಣುತ್ತದೆ. ನೀವು ತಂದದ್ದು 60 ಡಿಗ್ರಿಯದು, ಹಲ್ಲಿನಿಂದ ಹಲ್ಲಿಗೆ 1.5 ಎಂಎಂ, ಹಳೆಯದರಲ್ಲಿ ಅದೇ ಅಂತರ 1.59. ಸುತ್ತು ಸುತ್ತಿಗೂ ಈ ವ್ಯತ್ಯಾಸ ಕೂಡುತ್ತಾ ಹೋಗಿ ಗಟ್ಟಿ ಉಕ್ಕು ಮೆದು ಬೀಡನ್ನು ಅರೆದುಹಾಕಿದೆ. ಆ ಕಪ್ಪು ಪುಡಿ ನಿಮ್ಮ ಥ್ರೆಡ್ಡೇ.

ಇನ್ನು ರಂಧ್ರದೊಳಕ್ಕೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಒಳ್ಳೆಯ ಹಲ್ಲು ಉಳಿದಿದ್ದರೆ ಉದ್ದದ ವಿಟ್‌ವರ್ತ್ ಬೋಲ್ಟ್ ಸಾಕು. ಆದರೆ ಕನಿಷ್ಠ 15 ಎಂಎಂ ಹಿಡಿತ ಸಿಗಬೇಕು.

ಮರುಪ್ರಶ್ನೆ:
ನೀವು ಹೇಳಿದಂತೆಯೇ ಬೆಳಕು ಕಂಡಿತು. ರಂಧ್ರ 28 ಎಂಎಂ ಆಳವಿದೆ, ಆರಂಭದಿಂದ ತಳದವರೆಗೂ ನುಣುಪು. ಸುತ್ತಲಿನ ಗೋಡೆ ದಪ್ಪವಾಗಿದೆ. ಬ್ಲೇಡಿನ ಕಡೆ ಬೋಲ್ಟ್ ಮಾತ್ರ ಸವೆದಿತ್ತು, ಒಳಗಿನ ಥ್ರೆಡ್ ಗಟ್ಟಿಯಾಗಿದೆ.

ಉತ್ತರ:
ಸದ್ಯ ಸಮಾಧಾನವಾಯಿತು. ಗೋಡೆ ದಪ್ಪವಿದ್ದರೆ 12 ಎಂಎಂಗೆ ಹೋಗಿ. 10.2 ಎಂಎಂ ಡ್ರಿಲ್ ಹಾಕಿ, 12 ಎಂಎಂ, 1.75 ಪಿಚ್ಚಿನ (ಹಲ್ಲಿನಿಂದ ಹಲ್ಲಿಗೆ 1.75 ಎಂಎಂ) ಮೂರು ಟ್ಯಾಪುಗಳ ಸೆಟ್ಟನ್ನು ಕ್ರಮವಾಗಿ ಬಳಸಿ. ಕೈ ಡ್ರಿಲ್ ಓರೆಯಾಗುತ್ತದೆ. ಲೇತ್ ಅಂಗಡಿಯಲ್ಲಿ ಒಂದು ಉಕ್ಕಿನ ತುಂಡಿಗೆ 10.2ರ ನೇರ ರಂಧ್ರ ಮಾಡಿಸಿ, ಅದನ್ನು ಮೇಲೆ ಕ್ಲ್ಯಾಂಪ್ ಮಾಡಿ ಅದರ ಮೂಲಕ ಕೊರೆಯಿರಿ. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ. ಎಣ್ಣೆ ಬೇಡ, ಬೀಡಿನ ಪುಡಿ ಎಣ್ಣೆಯಲ್ಲಿ ಕಲಸಿ ಹಿಟ್ಟಾಗಿ ಟ್ಯಾಪನ್ನು ಹಿಡಿದುಬಿಡುತ್ತದೆ. ಆಗಾಗ ಹೊರತೆಗೆದು ಬ್ರಷ್ಷಿನಿಂದ ಗುಡಿಸಿ, ಬಾಯಿಂದ ಊದಬೇಡಿ, ಕಣ್ಣಿಗೆ ಬೀಳುತ್ತದೆ. ಮೇಜಿನಲ್ಲಿ ಬೋಲ್ಟ್ ಹಾಯುವ ತೂತನ್ನೂ 13 ಎಂಎಂ ಮಾಡಬೇಕಾಗುತ್ತದೆ. ಹಳೆಯ ಅಳತೆಯೇ ಉಳಿಯಬೇಕೆಂದರೆ ಒಳಗೆ 3/8 ವಿಟ್‌ವರ್ತ್ ಇರುವ ಉಕ್ಕಿನ ಬುಷ್ (ಟೊಳ್ಳು ಕೊಳವೆಯ ತುಂಡು) ಮಾಡಿಸಿ ಥ್ರೆಡ್ ಲಾಕರ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಕೂರಿಸಬಹುದು. ತಂದೆಯವರ ಯಂತ್ರವಾದ್ದರಿಂದ ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಪ್ರಶ್ನೆ ಕೇಳಿದವರಿಂದ:
ಬುಷ್ ಹಾಕಿಸಿದೆ. ಬ್ಲೇಡಿಗೆ ಹೊಸ ಬೋಲ್ಟುಗಳ ಸೆಟ್ ಬಂದಿದೆ. ಮೇಜನ್ನು ಬ್ಲೇಡಿನ ತುದಿಗೆ ಸಮವಾಗಿ ನಿಲ್ಲಿಸಿ ಬಿಗಿ ಮಾಡಿ, ನಿನ್ನೆ ನಾಲ್ಕು ಅಡಿಯ ಹಲಸಿನ ಹಲಗೆ ಹಾಯಿಸಿದೆ. ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿದರೆ ಕೊನೆಯವರೆಗೂ ಬೆಳಕು ನುಸುಳಲಿಲ್ಲ.