ಫ್ಯೂಸ್ ಹಾಕಿದಷ್ಟೂ ಹೋಗುತ್ತಿದೆ, ನಾಲ್ಕು ಆಯ್ತು, ತಲೆ ಕೆಟ್ಟಿದೆ

ತೋಪತೆನಿ_ಇಳಕಲ್ · ಮಂಗಳವಾರ ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ಫ್ಯೂಸ್ ಹೋಗುತ್ತಿದೆ. ಹೊಸದು ಹಾಕಿದರೆ ಅದೂ ಹೋಗುತ್ತೆ. ಹತ್ತು ದಿನದಲ್ಲಿ ನಾಲ್ಕು ಹೋದವು. ನಿನ್ನೆ ವಿಜಯಪುರದಿಂದ ಬರುವಾಗ ನಿಡಗುಂದಿ ದಾಟಿದ ಮೇಲೆ ಒಬ್ಬ ಲಾರಿ ಡ್ರೈವರ್ ಹಾರ್ನ್ ಹೊಡೆದು, ಅಡ್ಡ ಹಾಕಿ, ಇಳಿದು ಬಂದು ಬೈದ. ಮದುವೆಯಾದ ಮೇಲೆ ಹೊರಗಿನವರ ಹತ್ತಿರ ಅಷ್ಟು ಬೈಸಿಕೊಂಡಿದ್ದು ಇದೇ ಮೊದಲು. ಗ್ಯಾರೇಜಿನವನು ವೈರಿಂಗ್ ಪೂರ್ತಿ ಬಿಚ್ಚಬೇಕು, ಎರಡು ದಿನ ಗಾಡಿ ಬಿಡಿ ಅಂತಾನೆ. ಎರಡು ದಿನ ಬಿಟ್ಟರೆ ನನ್ನ ಹೊಟ್ಟೆಪಾಡು? ಏನು ಮಾಡಲಿ, ಬೇಗ ಹೇಳಿ.

ಕಬ್ಬಿನಗಾಡಿ_ಮುಧೋಳ · 11:14

ಇಲಿ.

ಗುಮ್ಮಟ_52 · 11:20

ಅಣ್ಣಾ, ಗಾಡಿ ಯಾವುದು, ಯಾವ ವರ್ಷದ್ದು, ಯಾವ ಫ್ಯೂಸ್, ಎಷ್ಟು ಆಂಪ್ಸ್, ಅದು ಹೋದಾಗ ಏನೇನು ಬಂದ್ ಆಗುತ್ತೆ? ಇದ್ಯಾವುದನ್ನೂ ಹೇಳದೆ ಬೇಗ ಹೇಳಿ ಅಂದರೆ ನಾವೇನು ಗಿಣಿ ಶಾಸ್ತ್ರದವರಾ?

ತೋಪತೆನಿ_ಇಳಕಲ್ · 11:31

ಲಾರಿಯವನು ಹಿಂದಿನಿಂದ ಬಂದು ಬೈದ ಅಂದ ಮೇಲೆ ಹಿಂದಿನ ಲೈಟು ಅಂತ ಗೊತ್ತಾಗಲ್ವಾ? ಟೇಲ್ ಲೈಟ್, ನಂಬರ್ ಪ್ಲೇಟ್ ಲೈಟ್, ಮೀಟರಿನ ಒಳಗಿನ ಬೆಳಕು, ಎಲ್ಲ ಒಟ್ಟಿಗೆ ಹೋಗುತ್ತೆ. ಹೆಡ್‌ಲೈಟ್ ಉರಿಯುತ್ತೆ, ಬ್ರೇಕ್ ಲೈಟೂ ಬರುತ್ತೆ. 2013ರ ಡೀಸೆಲ್ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಹೇಳಲ್ಲ. ಹೋದ ಸಲ ಕ್ಲಚ್ ಬಗ್ಗೆ ಕೇಳುವಾಗ ಹೇಳಿದ್ದಕ್ಕೆ ಮೂರು ದಿನ ಯಾವ ಕಂಪನಿ ಒಳ್ಳೇದು ಅಂತ ನೀವೇ ಜಗಳ ಆಡಿದ್ರಿ. ಕ್ಲಚ್ ಹಾಗೇ ಉಳಿಯಿತು.

ಕಬ್ಬಿನಗಾಡಿ_ಮುಧೋಳ · 11:38

ಹಾಗಾದರೆ ಖಂಡಿತ ಇಲಿ. ಹೋದ ಸುಗ್ಗಿಯಲ್ಲಿ ನನ್ನ ಗಾಡಿ ಕಬ್ಬಿನ ಹೊಲದ ಬದುವಿನಲ್ಲಿ ಎರಡು ರಾತ್ರಿ ನಿಂತಿತ್ತು. ಬೋನೆಟ್ ಎತ್ತಿದರೆ ಏರ್ ಫಿಲ್ಟರ್ ಡಬ್ಬಿಯಲ್ಲಿ ಶೇಂಗಾ ಸಿಪ್ಪೆ, ಹತ್ತಿ, ಯಾವುದೋ ಮಗುವಿನ ಒಂದು ಸಾಕ್ಸು. ಸಂಸಾರವನ್ನೇ ಹೂಡಿದ್ದವು. ನಿಪ್ಪಾಣಿ ತಂಬಾಕು ಅರ್ಧ ಕಿಲೋ ತಂದು ಬಟ್ಟೆಯಲ್ಲಿ ಗಂಟು ಕಟ್ಟಿ ಬೋನೆಟ್ ಒಳಗೆ ಇಡಿ. ಇಂಜಿನ್ ಬಿಸಿಗೆ ವಾಸನೆ ಎದ್ದರೆ ಒಂದೂ ಹತ್ತಿರ ಬರಲ್ಲ.

ಗುಮ್ಮಟ_52 · 11:44

ಇಲಿ ವೈರ್ ಕಡಿದು ಅದು ಬಾಡಿಗೆ ತಾಗಿ ಕೂತಿದ್ದರೆ ಲೈಟ್ ಹಾಕಿದ ಕೂಡಲೇ ಫ್ಯೂಸ್ ಹೋಗಬೇಕು. ಅಣ್ಣಾ, ಹಾಕಿದ ಕೂಡಲೇ ಹೋಗುತ್ತಾ, ತಡೆದು ಹೋಗುತ್ತಾ?

ತೋಪತೆನಿ_ಇಳಕಲ್ · 11:50

ತಡೆದು. ಒಮ್ಮೆ ಎರಡು ದಿನ ಬಂತು. ಒಮ್ಮೆ ಸಂಜೆ ಹಾಕಿದ್ದು ಅರ್ಧ ಗಂಟೆಗೆ ಹೋಯ್ತು. ಭಾನುವಾರ ಮಾತ್ರ ಹೋಗಿಲ್ಲ.

ಕುಂದಾ_ಬಾಸ್_ಬೆಳಗಾವಿ · 11:52

ಫ್ಯೂಸಿಗೂ ಭಾನುವಾರ ರಜೆ 😄

ಅದಿರಲಿ, ಯಾರಾದರೂ ಆಂಪ್ಲಿಫೈಯರ್ ಹಾಕಿಸಿದ್ದಾರಾ ಕೇಳಿ. ನನ್ನ ಗಾಡಿಯಲ್ಲಿ ನಾಲ್ಕು ಚಾನೆಲ್ ಆಂಪ್, 12 ಇಂಚಿನ ಸಬ್‌ವೂಫರ್, ಬಾಗಿಲಿಗೆಲ್ಲ ಡ್ಯಾಂಪಿಂಗ್ ಶೀಟ್. ಬ್ಯಾಟರಿಯಿಂದ ಬೇರೆಯೇ ದಪ್ಪ ವೈರ್ ಎಳೆದು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 80 ಆಂಪ್ಸ್ ಮೇನ್ ಫ್ಯೂಸ್ ಕೂಡಿಸಿದ್ದೇನೆ. ದೂರ ಹಾಕಿದರೆ ಫ್ಯೂಸಿನ ತನಕದ ವೈರಿಗೆ ಕಾವಲೇ ಇರಲ್ಲ ನೋಡಿ. ಟಿಳಕವಾಡಿಯಲ್ಲಿ ಸಿಗ್ನಲ್ ಬಿದ್ದರೆ ಪಕ್ಕದ ಗಾಡಿಯ ಕನ್ನಡಿ ನಡುಗುತ್ತೆ. ಫೋಟೋ ಹಾಕಲಾ?

ಜಲನಗರ_ಪಿಲ್ಲರ್ · ಬುಧವಾರ ಬೆಳಿಗ್ಗೆ 7:05

ಹಾಕಿ ಅಣ್ಣಾ. ಹಾಗೇ ನನ್ನ ಸ್ಕೂಟರಿನ ಹಾರ್ನ್ ಮಳೆಯಲ್ಲಿ ಮೂಗು ಕಟ್ಟಿದವರ ಹಾಗೆ ಕೂಗುತ್ತೆ. ಅದಕ್ಕೂ ಫ್ಯೂಸೇ ಕಾರಣವಾ?

ಗುಮ್ಮಟ_52 · 7:20

ಪಿಲ್ಲರ್, ಫ್ಯೂಸ್ ಹೋಗಿದ್ದರೆ ಕೂಗುವುದೇ ಇಲ್ಲ. ಹಾರ್ನಿನೊಳಗೆ ನೀರು ಹೊಕ್ಕಿದೆ. ಬೇರೆ ಚರ್ಚೆ ಶುರು ಮಾಡಪ್ಪ.

ವೈರ್‌ಮನ್_ಕಾಕಾ · 8:40

ತಮ್ಮಾ ತೋಪತೆನಿ, ಮೊದಲು ಹೋದ ಫ್ಯೂಸುಗಳ ಫೋಟೋ ಹಾಕು. ಬಿಸಾಡಿಲ್ಲ ತಾನೇ? ಹೋದ ಫ್ಯೂಸ್ ಸುಮ್ನೆ ಕಸ ಅಲ್ಲ. ಒಳಗಿನ ಪಟ್ಟಿ ನಡುವೆ ಅಷ್ಟೇ ಕರಗಿ ಸ್ವಚ್ಛವಾಗಿ ತುಂಡಾಗಿದ್ದರೆ ಹೆಚ್ಚಾಗಿ ಲೋಡ್ ಜಾಸ್ತಿ ಆಗಿ ನಿಧಾನವಾಗಿ ಹೋಗಿದ್ದು. ಪ್ಲಾಸ್ಟಿಕ್ಕಿನ ಒಳಗೋಡೆಗೆ ಕರಿ ಹೊಗೆ, ಬೆಳ್ಳಿ ಸಿಡಿದ ಹಾಗೆ ಚುಕ್ಕಿ ಇದ್ದರೆ ಎಲ್ಲೋ ಶಾರ್ಟ್ ಆಗಿ ಒಂದೇ ಏಟಿಗೆ ಹೋಗಿದ್ದು.

ಇನ್ನೊಂದು, ಪ್ರತಿ ಸಲ ಫ್ಯೂಸ್ ಕಿತ್ತು ನೋಡುವ ಅಗತ್ಯ ಇಲ್ಲ. ಬ್ಲೇಡ್ ಫ್ಯೂಸಿನ ಬೆನ್ನ ಮೇಲೆ ಎರಡು ಸಣ್ಣ ಕಿಂಡಿ ಇರುತ್ತವೆ, ಒಳಗೆ ಲೋಹ ಕಾಣುತ್ತೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಯ ಬೋಲ್ಟಿಗೆ ಸಿಕ್ಕಿಸಿ, ಲೈಟ್ ಸ್ವಿಚ್ ಹಾಕಿ, ಲ್ಯಾಂಪಿನ ಮೊನೆಯಿಂದ ಎರಡೂ ಕಿಂಡಿ ಮುಟ್ಟು. ಎರಡರಲ್ಲೂ ಉರಿದರೆ ಫ್ಯೂಸ್ ಜೀವಂತ. ಒಂದರಲ್ಲಿ ಮಾತ್ರ ಉರಿದರೆ ಹೋಗಿದೆ. ಎರಡರಲ್ಲೂ ಇಲ್ಲ ಅಂದರೆ ಆ ಫ್ಯೂಸಿಗೆ ಕರೆಂಟೇ ಬರುತ್ತಿಲ್ಲ. ಆಗ ಫ್ಯೂಸನ್ನು ಬೈದು ಪ್ರಯೋಜನ ಇಲ್ಲ. ಕಿತ್ತು ನೋಡುವುದೇ ಆದರೆ ಕೀ ತೆಗೆದು, ಲೈಟ್ ಆರಿಸಿ, ಬಾಕ್ಸಿನೊಳಗೆ ಸಿಕ್ಕಿಸಿರುವ ಪ್ಲಾಸ್ಟಿಕ್ ಚಿಮುಟದಿಂದ ಎಳಿ. ಇಕ್ಕಳ ಬೇಡ, ಕಿವಿ ಮುರಿಯುತ್ತೆ.

ತೋಪತೆನಿ_ಇಳಕಲ್ · 1:15

ಕಾಕಾ, ಫೋಟೋ ಹಾಕಿದ್ದೇನೆ. ನಾಲ್ಕರಲ್ಲೂ ಒಳಗೆ ಕರ್ರಗಾಗಿದೆ.

ವೈರ್‌ಮನ್_ಕಾಕಾ · 1:32

ಫೋಟೋದಲ್ಲಿ ಮೂರು ಕೆಂಪು, ಒಂದು ನೀಲಿ. ನೀಲಿ ಎಲ್ಲಿಂದ ಬಂತು?

ತೋಪತೆನಿ_ಇಳಕಲ್ · 1:40

ಹುನಗುಂದದಲ್ಲಿ ಕೆಂಪು ಸಿಗಲಿಲ್ಲ. ಅಂಗಡಿಯವರು ನೀಲಿ ಇನ್ನೂ ಗಟ್ಟಿ, ಹಾಕಿ ಅಂದರು. ಬಣ್ಣ ತಾನೇ ಅಂದುಕೊಂಡೆ.

ವೈರ್‌ಮನ್_ಕಾಕಾ · 1:58

ಸೀರೆಗೆ ಬಣ್ಣ ಬೇರೆ, ಇದಕ್ಕೆ ಬೇರೆ ತಮ್ಮಾ! ತಿಳಿ ಕಂದು 5, ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಬೆನ್ನ ಮೇಲೆ ಅಂಕಿಯೂ ಇರುತ್ತೆ. ಫ್ಯೂಸ್ ಇರುವುದು ಬಲ್ಬ್ ಕಾಯೋಕೆ ಅಲ್ಲ, ವೈರ್ ಕಾಯೋಕೆ. ನೀನು 15 ಹಾಕಿದೆ, ಅದೂ ಹೋಯ್ತು, ನಿನ್ನ ಪುಣ್ಯ. ಹಸಿರು ಹಾಕಿದ್ದರೆ ಫ್ಯೂಸ್ ಉಳಿದು ವೈರ್ ಸುಡುತ್ತಿತ್ತು. ಡ್ಯಾಶ್‌ಬೋರ್ಡ್ ಹಿಂದೆ ಹೊಗೆ ಬಂದ ಮೇಲೆ ಯಾವ ಅಂಗಡಿಯವನೂ ಬರಲ್ಲ.

ಕಬ್ಬಿನಗಾಡಿ_ಮುಧೋಳ · 2:10

ಕಾಕಾ ಸುಮ್ನೆ ಹೆದರಿಸುತ್ತಾರೆ. ನಮ್ಮ ಟ್ರ್ಯಾಕ್ಟರಿನಲ್ಲಿ ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿ ಆರು ವರ್ಷ ಆಯ್ತು. ಅರ್ಜೆಂಟಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೂ ಸಾಕು.

ವೈರ್‌ಮನ್_ಕಾಕಾ · 2:13

ಟ್ರ್ಯಾಕ್ಟರ್ ಹತ್ತಿಕೊಂಡರೆ ನೀನು ಹಾರಿ ಇಳಿಯುತ್ತೀಯಾ. ಇವನ ಗಾಡಿಯಲ್ಲಿ ಹಿಂದೆ ಮಕ್ಕಳು ಕೂತಿರುತ್ತಾರೆ. ಬೆಳ್ಳಿ ಕಾಗದದ ಮಾತು ಇಲ್ಲಿ ಇನ್ನೊಮ್ಮೆ ಎತ್ತಬೇಡ.

ಗುಮ್ಮಟ_52 · 2:30

ಲೆಕ್ಕ ಹಾಕಿ ನೋಡಿದೆ. ಮುಂದಿನ ಪಾರ್ಕಿಂಗ್ ಎರಡು, ಹಿಂದಿನದು ಎರಡು, ನಂಬರ್ ಪ್ಲೇಟಿನದು ಎರಡು ಅಂದುಕೊಳ್ಳಿ. ಒಂದೊಂದು 5 ವ್ಯಾಟ್. ಒಟ್ಟು 30. 12 ವೋಲ್ಟಿಗೆ ಭಾಗಿಸಿದರೆ 2.5 ಆಂಪ್ಸ್. 10ರ ಫ್ಯೂಸಿಗೆ ಇದು ಯಾವ ಲೆಕ್ಕ? ಲೋಡ್ ಅಂತೂ ಅಲ್ಲ. ಶಾರ್ಟೇ.

ಕುಂದಾ_ಬಾಸ್_ಬೆಳಗಾವಿ · 2:41

ಇಂಜಿನ್ ಚಾಲೂ ಇದ್ದರೆ 12 ಅಲ್ಲ, 14 ವೋಲ್ಟ್. ಲೆಕ್ಕ ತಪ್ಪು.

ಗುಮ್ಮಟ_52 · 2:44

14 ಹಿಡಿದರೂ 10ರ ಹತ್ತಿರಕ್ಕೆ ಬರುತ್ತಾ?

ಕುಂದಾ_ಬಾಸ್_ಬೆಳಗಾವಿ · 2:46

ಬರುತ್ತೋ ಇಲ್ಲವೋ, ಲೆಕ್ಕ ಅಂದರೆ ಲೆಕ್ಕ. 30ನ್ನು 14ರಿಂದ ಭಾಗಿಸಿ, 2.14.

ಗುಮ್ಮಟ_52 · 2:49

ಅದೂ ತಪ್ಪು. ವೋಲ್ಟ್ ಏರಿದರೆ ಅದೇ ಬಲ್ಬ್ ಜಾಸ್ತಿ ಕರೆಂಟ್ ಎಳೆಯುತ್ತೆ, ಕಡಿಮೆ ಅಲ್ಲ. 5 ವ್ಯಾಟ್ ಅನ್ನೋದು ಬಲ್ಬಿನ ಹಣೆಬರಹವಾ, 14 ವೋಲ್ಟಿಗೂ ಹಾಗೇ ಇರೋಕೆ?

ಕುಂದಾ_ಬಾಸ್_ಬೆಳಗಾವಿ · 2:51

ನನ್ನ ಆಂಪಿನಲ್ಲಿ ಹಾಗಾಗಲ್ಲ.

(ಈ ವಾದ ಇನ್ನೂ ಹನ್ನೊಂದು ಉತ್ತರಗಳ ತನಕ ಹೋಗಿದ್ದರಿಂದ ಬೇರೆ ಚರ್ಚೆಗೆ ಸಾಗಿಸಲಾಗಿದೆ. ಸಬ್‌ವೂಫರ್ ಫೋಟೋಗಳೂ ಅಲ್ಲೇ ಇವೆ. – ನಿರ್ವಾಹಕ)

ಜಲನಗರ_ಪಿಲ್ಲರ್ · ಗುರುವಾರ ಸಂಜೆ 6:15

ಹಾರ್ನ್ ಬಿಚ್ಚಿ ಬಿಸಿಲಿಗೆ ಇಟ್ಟಿದ್ದೆ. ಈಗ ಕೂಗುವುದೂ ಇಲ್ಲ.

ಗುಮ್ಮಟ_52 · ಶನಿವಾರ ಬೆಳಿಗ್ಗೆ 9:00

ತೋಪತೆನಿ ಅಣ್ಣಾ, ಇದ್ದೀರಾ? ಏನಾಯ್ತು?

ಕಬ್ಬಿನಗಾಡಿ_ಮುಧೋಳ · 9:20

ತಂಬಾಕು ಇಟ್ಟಿರುತ್ತಾರೆ, ಸರಿ ಹೋಗಿರುತ್ತೆ.

ತೋಪತೆನಿ_ಇಳಕಲ್ · ಶನಿವಾರ ರಾತ್ರಿ 10:05

ಸರಿ ಹೋಗಿಲ್ಲ. ತಂಬಾಕೂ ಇಟ್ಟೆ. ಗಾಡಿಯೊಳಗೆ ಕೂತರೆ ಸೀನು, ಹೆಂಡತಿ ಬಸ್ಸಿಗೆ ಹೋಗುತ್ತೇನೆ ಅಂತಾಳೆ. ಇವತ್ತು ಸಂಜೆ ಐದನೇದು ಹೋಯ್ತು. ಅಮೀನಗಡದಲ್ಲಿ.

ವೈರ್‌ಮನ್_ಕಾಕಾ · 10:20

ಕೆಂಪೇ ತಾನೇ? ಸರಿ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಭಾನುವಾರ ಹೋಗಲ್ಲ, ಸಂಜೆ ಹೋಗುತ್ತೆ ಅಂದೆ. ಸಂಜೆ ಲೈಟ್ ಹಾಕಿಕೊಂಡು ನೀನು ಗಾಡಿಯಲ್ಲಿ ಏನು ಮಾಡುತ್ತೀಯಾ? ಅದರಲ್ಲಿ ಭಾನುವಾರ ಮಾಡದೆ ಇರುವುದು ಯಾವುದು?

ತೋಪತೆನಿ_ಇಳಕಲ್ · 10:26

ವಿಶೇಷ ಏನಿಲ್ಲ ಕಾಕಾ. ಅಂಗಡಿ ಅಂಗಡಿಗೆ ಸೀರೆ ಗಂಟು ಕೊಡುತ್ತೇನೆ. ಭಾನುವಾರ ಮನೆಯವರ ಜೊತೆ ಕೂಡಲಸಂಗಮಕ್ಕೋ ಎಲ್ಲಿಗೋ ಹೋಗುತ್ತೇವೆ, ಗಂಟು ಇರಲ್ಲ.

ವೈರ್‌ಮನ್_ಕಾಕಾ · 10:28

ಗಂಟು ಎಲ್ಲಿ ಇಡುತ್ತೀಯಾ?

ತೋಪತೆನಿ_ಇಳಕಲ್ · 10:29

ಡಿಕ್ಕಿಯಲ್ಲಿ. ಮತ್ತೆಲ್ಲಿ? ದಿನಕ್ಕೆ ಮೂವತ್ತು ನಲವತ್ತು ಸಲ ತೆಗೆದು ಹಾಕುತ್ತೇನೆ.

ಗುಮ್ಮಟ_52 · 10:30

ಅಯ್ಯೋ ಅಣ್ಣಾ!! ಇದನ್ನು ಮಂಗಳವಾರವೇ ಹೇಳಬಾರದಾ?

ತೋಪತೆನಿ_ಇಳಕಲ್ · 10:31

ಸೀರೆ ವ್ಯಾಪಾರಕ್ಕೂ ಫ್ಯೂಸಿಗೂ ಏನು ಸಂಬಂಧ?

ವೈರ್‌ಮನ್_ಕಾಕಾ · 10:55

ಡಿಕ್ಕಿ ಬಾಗಿಲು ಎತ್ತು. ಮೇಲೆ, ಕೀಲಿನ ಪಕ್ಕ, ಬಾಡಿಯಿಂದ ಬಾಗಿಲಿಗೆ ಒಂದು ರಬ್ಬರ್ ಕೊಳವೆ ಹೋಗಿರುತ್ತೆ. ನಂಬರ್ ಪ್ಲೇಟ್ ಲೈಟಿನ ವೈರ್ ಅದರೊಳಗೇ ಹಾದು ಹೋಗುತ್ತೆ. ಬಾಗಿಲು ಎತ್ತಿ ಇಳಿಸಿದಷ್ಟು ಸಲ ಆ ವೈರುಗಳೂ ಬಾಗಿ ನೆಟ್ಟಗಾಗುತ್ತವೆ. ದಿನಕ್ಕೆ ನಲವತ್ತು ಸಲ, ಹತ್ತು ವರ್ಷಕ್ಕೂ ಮೇಲೆ, ನಮ್ಮ ಕಡೆಯ ಬಿಸಿಲು ಬೇರೆ. ಮೇಲಿನ ಪ್ಲಾಸ್ಟಿಕ್ ಬಿರಿದಿರುತ್ತೆ. ಹಗಲು ಲೈಟ್ ಹಾಕಿರಲ್ಲ, ಆ ವೈರಿನಲ್ಲಿ ಕರೆಂಟೇ ಇರಲ್ಲ, ಏನೂ ಆಗಲ್ಲ. ಸಂಜೆ ಲೈಟ್ ಹಾಕಿ ಡಿಕ್ಕಿ ತೆಗೆದೆಯೋ, ತಾಮ್ರ ತಾಗಿ ಫಟ್.

ನಂಬಬೇಡ, ಪರೀಕ್ಷೆ ಮಾಡು. ಇನ್ನು ಫ್ಯೂಸ್ ಸುಡುವುದು ಬೇಡ. 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬ್, ಹೋಲ್ಡರ್, ಎರಡು ತುಂಡು ವೈರ್ ತಗೋ. ಸುಟ್ಟ ಫ್ಯೂಸಿನ ಎರಡು ಕಾಲಿಗೆ ಒಂದೊಂದು ವೈರ್ ಬೆಸುಗೆ ಹಾಕಿ ಅದನ್ನೇ ಫ್ಯೂಸಿನ ಜಾಗದಲ್ಲಿ ಕೂಡಿಸು. ಹಿಂದೆ ಮುಂದೆ ಪಾರ್ಕಿಂಗ್ ಬಲ್ಬು, ನಂಬರ್ ಪ್ಲೇಟ್ ಬಲ್ಬು ಎಲ್ಲ ಕಳಚಿಡು. ಇಲ್ಲದಿದ್ದರೆ ಅವುಗಳ ಕರೆಂಟಿಗೂ ಬಲ್ಬ್ ಉರಿದು ನಿನಗೆ ಗೊಂದಲ. ಈಗ ಲೈಟ್ ಸ್ವಿಚ್ ಹಾಕು. ಬಲ್ಬ್ ಆರಿರಬೇಕು, ಇಲ್ಲ ಮೀಟರಿನ ಬೆಳಕಿಗೆ ಸ್ವಲ್ಪ ಮಿಣುಕಬಹುದು. ಡಿಕ್ಕಿ ನಿಧಾನವಾಗಿ ಎತ್ತು, ಇಳಿಸು. ಎಲ್ಲಿ ಬಲ್ಬ್ ಝಗ್ ಅಂತ ಪೂರ್ತಿ ಉರಿಯುತ್ತೋ ಅಲ್ಲೇ ಶಾರ್ಟ್. ಬಲ್ಬ್ ಇರುವುದರಿಂದ ಎರಡು ಆಂಪ್ಸಿಗಿಂತ ಜಾಸ್ತಿ ಹರಿಯಲ್ಲ, ವೈರ್ ಸುಡಲ್ಲ. ಬಲ್ಬ್ ಮಾತ್ರ ಕಾಯುತ್ತೆ, ಸೀಟಿನ ಮೇಲೆ ಇಡಬೇಡ.

ಕುಂದಾ_ಬಾಸ್_ಬೆಳಗಾವಿ · 11:02

ಎಲ್‌ಇಡಿ ಬಲ್ಬ್ ಹಾಕಿದರೆ ಆಗಲ್ವಾ ಕಾಕಾ? ಬಿಸಿಯೂ ಆಗಲ್ಲ.

ವೈರ್‌ಮನ್_ಕಾಕಾ · 11:05

ಆಗಲ್ಲ. ಎಲ್‌ಇಡಿ ಚೂರು ಕರೆಂಟಿಗೂ ಬೆಳಗಿ ಕೂರುತ್ತೆ. ಮಿಣುಕಿದ್ದು ಯಾವುದು, ಝಗ್ ಅಂದಿದ್ದು ಯಾವುದು ಅಂತ ತಿಳಿಯಲ್ಲ.

ತೋಪತೆನಿ_ಇಳಕಲ್ · ಭಾನುವಾರ ಮಧ್ಯಾಹ್ನ 12:40

ಕಾಕಾ, ಸಿಕ್ಕಿತು! ಕಾಲಿಗೆ ಬೀಳುತ್ತೇನೆ.

ಮಗ ಮುಂದೆ ಕೂತು ಬಲ್ಬ್ ನೋಡುತ್ತಿದ್ದ, ನಾನು ಹಿಂದೆ ಡಿಕ್ಕಿ ಎತ್ತುತ್ತಿದ್ದೆ. ಎದೆ ಮಟ್ಟಕ್ಕೆ ಬಂದಾಗ "ಅಪ್ಪಾ ಹತ್ತಿತು" ಅಂತ ಕೂಗಿದ. ಇನ್ನೂ ಎತ್ತಿದರೆ ಆರುತ್ತೆ. ಇಳಿಸುವಾಗ ಅದೇ ಜಾಗದಲ್ಲಿ ಮತ್ತೆ ಹತ್ತುತ್ತೆ. ಎಲ್ಲ ಸಲ ಅಲ್ಲ, ಐದಕ್ಕೆ ಒಂದು ಸಲ. ಅದಕ್ಕೇ ಒಮ್ಮೊಮ್ಮೆ ಎರಡು ದಿನ ತಡೆಯುತ್ತಿತ್ತು. ರಬ್ಬರ್ ಜಾರಿಸಿ ನೋಡಿದರೆ ಒಂದು ವೈರ್ ಮೇಲಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಉದುರಿದೆ. ತಾಮ್ರ ಹೊರಗೆ, ಪಕ್ಕದ ಕರಿ ಅರ್ಥಿಂಗ್ ವೈರೂ ಬಿರಿದಿದೆ. ಎರಡೂ ಮುತ್ತಿಡುತ್ತಿದ್ದವು.

ಎರಡನ್ನೂ ಆಚೆ ಈಚೆ ಒಂದು ಗೇಣು ಕತ್ತರಿಸಿ, ಅದೇ ದಪ್ಪದ ಮೆತ್ತಗಿನ ವೈರ್ ಸೇರಿಸಿ, ಬೆಸುಗೆ ಹಾಕಿ, ಮೇಲೆ ಕುಗ್ಗುವ ಸ್ಲೀವ್ ಏರಿಸಿದೆ. ಜೋಡಿಸುವ ಕೆಲಸ ನನಗೆ ಹೊಸದಲ್ಲ ಬಿಡಿ. ನಮ್ಮ ಸೀರೆಯಲ್ಲಿ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ, ಒಂದೊಂದಾಗಿ ಕೂಡಿಸುವುದನ್ನು ನೋಡುತ್ತಲೇ ಬೆಳೆದವನು. ಕೆಂಪು ಫ್ಯೂಸ್ ಹಾಕಿ, ಲೈಟ್ ಹಚ್ಚಿ ಐವತ್ತು ಸಲ ಡಿಕ್ಕಿ ತೆಗೆದು ಹಾಕಿದೆ. ಓಣಿಯವರು ಏನಾಯ್ತು ಇವನಿಗೆ ಅಂತ ನಿಂತು ನೋಡಿದರು. ಹೋಗಿಲ್ಲ.

ವೈರ್‌ಮನ್_ಕಾಕಾ · 12:58

ಭೇಷ್. ಬೆಸುಗೆ ಬಾಗುವ ಜಾಗದಲ್ಲಿ ಬರದೆ ಎರಡು ತುದಿಗೆ ಬಂದಿದೆ ತಾನೇ? ಬಾಗುವ ಕಡೆ ಬೆಸುಗೆ ಇದ್ದರೆ ಮತ್ತೆ ಮುರಿಯುತ್ತೆ. ಡಬ್ಬಿಯಲ್ಲಿ ಎರಡು ಕೆಂಪು, ಎರಡು ನೀಲಿ, ಒಂದು ಹಳದಿ ಇಟ್ಟುಕೋ. ಮತ್ತೆ, ನಿನ್ನ ಕಾಕಿ ಕೇಳುತ್ತಿದ್ದಾಳೆ, ಗೋಮಿ ಅಂಚಿನದು ಎಷ್ಟಕ್ಕೆ ಬೀಳುತ್ತೆ?

ತೋಪತೆನಿ_ಇಳಕಲ್ · 1:03

ತುದಿಗೇ ಬಂದಿದೆ ಕಾಕಾ. ಸೀರೆ ನಾನೇ ವಿಜಯಪುರಕ್ಕೆ ಬಂದಾಗ ತಂದು ಕೊಡುತ್ತೇನೆ, ರೊಕ್ಕದ ಮಾತು ಆಮೇಲೆ.

ಕಬ್ಬಿನಗಾಡಿ_ಮುಧೋಳ · 1:10

ಆ ರಬ್ಬರಿನ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಹಲ್ಲಿನ ಗುರುತು ಇದೆಯಾ ನೋಡಬೇಕು.

ಜಲನಗರ_ಪಿಲ್ಲರ್ · 1:45

ಅಣ್ಣಾ, ಹಾರ್ನಿಗೆ ಕೆಂಪು ಹಾಕಬೇಕಾ, ನೀಲಿನಾ?