ಇದೂ ಒಂದು ಚಿತ್ರವಾ?

ಅಕ್ಕ: (ಫೋಟೊ) ಮಲಗಿರುವ ಹುಡುಗಿ. ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದದ್ದು, ಸುಮಾರು 1654. ಬ್ರಷ್ಷು, ಕಂದು ಶಾಯಿ, ಹೆಚ್ಚುಕಡಿಮೆ ಅಷ್ಟೇ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬೆಳಿಗ್ಗೆಯಿಂದ ಇದನ್ನೇ ನೋಡುತ್ತಾ ಕೂತಿದ್ದೇನೆ.

ಮಾವ: ಇದೂ ಒಂದು ಚಿತ್ರವಾ? ಅವಸರದಲ್ಲಿ ಗೀಚಿದ ಹಾಗಿದೆ. ಕಣ್ಣು ಮೂಗು ಹುಡುಕಬೇಕು.

ತಮ್ಮ: ನಿದ್ದೆಯಲ್ಲಿದ್ದಾಳೆ ಮಾವ. ಕಣ್ಣು ಬಿಟ್ಟು ನಿಮ್ಮನ್ನು ನೋಡಬೇಕಿತ್ತಾ? 😀

ಮಾವ: ತಮಾಷೆ ಬೇಡ. ಪೆನ್ಸಿಲ್‌ನಲ್ಲಿ ತಿದ್ದಿ ತೀಡಿ ನೆರಳು ಕೊಟ್ಟರೆ ಮನುಷ್ಯ ಮನುಷ್ಯನ ಹಾಗೆ ಕಾಣುತ್ತಾನೆ. ಇವನು ಅರ್ಧಕ್ಕೇ ಬಿಟ್ಟಿದ್ದಾನೆ.

ಅಕ್ಕ: ಬಿಟ್ಟದ್ದೇ ಚೆಂದ ಮಾವ. ಬಟ್ಟೆಯ ಗೆರೆಗಳನ್ನು ದೊಡ್ಡದು ಮಾಡಿ ನೋಡಿ. ಶಾಯಿ ತುಂಬಿದ ಬ್ರಷ್ ಊರಿದ ಕಡೆ ಗೆರೆ ದಪ್ಪ, ಗಾಢ. ಎಳೆಯುತ್ತಾ ಹೋದ ಹಾಗೆ ಶಾಯಿ ಮುಗಿದು ಗೆರೆ ಒಣಗುತ್ತದೆ, ಸೀಳುತ್ತದೆ. ಆ ಸೀಳಿನಲ್ಲಿ ಬಿಳಿ ಕಾಗದ ಇಣುಕುತ್ತದೆ. ನಮ್ಮ ಕಣ್ಣಿಗೆ ಅದೇ ಬಟ್ಟೆಯ ಮೇಲಿನ ಬೆಳಕು.

ತಮ್ಮ: ಶಾಯಿಯಲ್ಲಿ ಅಳಿಸಲು ಬೇರೆ ಆಗುವುದಿಲ್ಲ. ಒಂದೇ ಏಟಿಗೆ ಬರಬೇಕು.

ಅಕ್ಕ: ಅದು ಪೂರ್ತಿ ನಿಜ ಅಲ್ಲ ಕಣೋ. ಎಷ್ಟೋ ಚಿತ್ರಗಳಲ್ಲಿ ಇವನೇ ಬೇಡದ ಗೆರೆಯ ಮೇಲೆ ಬಿಳಿ ಬಣ್ಣ ಹಚ್ಚಿ ಮುಚ್ಚಿದ್ದಾನೆ.

ಮಾವ: ನೋಡಿದ್ರಾ! ಅವನೂ ತಿದ್ದುತ್ತಿದ್ದ!

ತಮ್ಮ: ಇರಲಿ ಬಿಡಿ. ನಾನು ಅದ್ದಿ ಬರೆಯುವ ಪೆನ್ನಿನಲ್ಲಿ ಪ್ರಯತ್ನ ಮಾಡಿದ್ದೇನೆ. ಒತ್ತಿದರೆ ನಿಬ್ಬಿನ ಎರಡು ಮೊನೆ ಅಗಲಿ ಗೆರೆ ದಪ್ಪ. ಸಡಿಲಿಸಿದರೆ ಕೂದಲೆಳೆ. ಒಂದು ಆಕೃತಿ ಬರೆಯುವಾಗ ಬೆನ್ನಿನ ಗೆರೆ ಸರ್ರಂತ ಬಂತು. ಭುಜದ ಹತ್ತಿರ ಒಂದು ಕ್ಷಣ ಅನುಮಾನ ಬಂದು ಕೈ ನಿಂತಿತು. ಅಲ್ಲೇ ಶಾಯಿ ಕೆರೆಯಾಯಿತು. ನನ್ನ ಅನುಮಾನ ಇನ್ನೂ ಆ ಕಾಗದದ ಮೇಲೆ ಕೂತಿದೆ.

ಅತ್ತೆ: ನನಗೆ ಶಾಯಿ ಗೀಯಿ ಗೊತ್ತಿಲ್ಲ. ಆ ಹುಡುಗಿ ತುಂಬಾ ದಣಿದಿದ್ದಾಳೆ, ಅಲ್ವಾ?

ಮಾವ: ಮುಖ ನಾಲ್ಕು ಗೆರೆ ಇದೆ. ದಣಿವು ನಿನಗೆಲ್ಲಿ ಕಾಣಿಸಿತು?

ಅತ್ತೆ: ತಲೆ ತೋಳಿನ ಮೇಲೆ ಬಿದ್ದಿರುವುದರಲ್ಲಿ. ನೀವು ಕುರ್ಚಿಯಲ್ಲೇ ಮಲಗಿದಾಗ ನಾನೇನು ಮುಖ ನೋಡಿ ತಿಳಿದುಕೊಳ್ಳುತ್ತೇನಾ?

ತಮ್ಮ: 😂😂

ಮಾವ: ಸುಮ್ನೆ ಎಲ್ಲರೂ ಒಂದೇ ಕಡೆ ಸೇರಬೇಡಿ. ಕೆಳಗಿನ ದಪ್ಪ ಗೆರೆ ಮಂಡಿಯಾ, ಬಟ್ಟೆಯ ಮಡಿಕೆಯಾ? ಅದನ್ನು ಹೇಳಿ.

ಅಕ್ಕ: ಎರಡೂ ಇರಬಹುದು ಮಾವ.

ಮಾವ: ಅದನ್ನೇ ನಾನು ಆಗಿನಿಂದ ಹೇಳುತ್ತಿರುವುದು!