ಸಹಾಯ ಬೇಕು: ಭಂಗಿ ತಲೆಗೇರಿದವರ ಪಕ್ಕ ಕೂರುವವರಿಗೆ ಒಂದು ಚೀಟಿ

ಚಿಕ್ಕಮಗಳೂರಿನ ಹೋಂಸ್ಟೇ ಹುಡುಗರಿಗಾಗಿ ಗೋಡೆಗೆ ಅಂಟಿಸೋ ಚೀಟಿ ಬರೀತಿದ್ದೀವಿ. ನರ್ಸ್, ಡಾಕ್ಟರ್ ಯಾರಾದ್ರೂ ಓದಿ ತಿದ್ದಿಕೊಡಿ.

ಸೇದಿದ ಗಾಂಜಾ ನಿಮಿಷಗಳಲ್ಲೇ ಏರುತ್ತೆ. ತಿಂದಿದ್ದು, ಕುಡಿದಿದ್ದು ಅರ್ಧ ಗಂಟೆಯಿಂದ 2 ಗಂಟೆ ತಗೊಳ್ಳುತ್ತೆ. ‘ಏನೂ ಆಗ್ಲಿಲ್ಲ’ ಅಂತ ಇನ್ನೊಂದು ಲೋಟ ಏರಿಸೋದೇ ಎಡವಟ್ಟು. ಆಮೇಲೆ ಮಾತು ಮುಗಿಯೋಷ್ಟರಲ್ಲಿ ಶುರು ಮಾಡಿದ್ದೇ ಮರೆತಿರುತ್ತೆ, ಯೋಚನೆ ಎಲ್ಲೆಲ್ಲೋ ಓಡುತ್ತೆ, 5 ನಿಮಿಷ ಒಂದು ಗಂಟೆ ಅನಿಸುತ್ತೆ, ಸತ್ತೇ ಹೋಗ್ತೀನಿ ಅನ್ನೋ ಭಯ ಹಿಡಿಯುತ್ತೆ. ಆಗ ವಾದ ಬೇಡ, ನಗೋದಂತೂ ಬೇಡವೇ ಬೇಡ. ಮಂದ ಬೆಳಕು, ಕಂಬಳಿ, ಗುಟುಕು ನೀರು. ಗಡಿಯಾರ ತೋರಿಸಿ ‘ಇಳಿಯುತ್ತೆ, ಇಲ್ಲೇ ಇದ್ದೀನಿ’ ಅಂತ ಅದೇ ಮಾತು ಮತ್ತೆ ಮತ್ತೆ. ಕಾಫಿ ಕೊಡಬೇಡಿ, ಎದೆಬಡಿತ ಹೆಚ್ಚಬಹುದು. ಎದೆನೋವು, ಫಿಟ್ಸ್, ಎಬ್ಬಿಸಿದರೂ ಏಳದಿದ್ದರೆ ತಕ್ಷಣ 108.

ವಾಂತಿ ಮಾಡೋರನ್ನ ಮಗ್ಗುಲಾಗಿ ಮಲಗಿಸೋ ಚಿತ್ರ ಬರೆದುಕೊಡೋರು ಯಾರಿದ್ದೀರಿ?